ಕುಣಿಯೋ ಬೀಟು, ಒಳಗೆ ದುಃಖ

ಬೆಳಗ್ಗೆಯಿಂದ ಹೆಡ್‌ಫೋನಲ್ಲಿ ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸೇ ಓಡ್ತಿದೆ. ನೀಲ್ ಟೆನಂಟ್, ಕ್ರಿಸ್ ಲೋ ಇಬ್ರಿಗೂ ಪರಿಚಯ ಆಗಿದ್ದು 1981ರಲ್ಲಿ, ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡೀಲಿ. ಇವರ ವೆಸ್ಟ್ ಎಂಡ್ ಗರ್ಲ್ಸ್ ಹಾಡು 1984ರಲ್ಲಿ ಮೊದಲ ಸಲ ಬಂದಾಗ ಬ್ರಿಟನ್ನಲ್ಲಿ ಅಷ್ಟಾಗಿ ಓಡಲಿಲ್ಲ, ರೆಕಾರ್ಡ್ ಪ್ರೊಡ್ಯೂಸರ್ ಸ್ಟೀಫನ್ ಹೇಗ್ ಜೊತೆ ಮತ್ತೆ ರೆಕಾರ್ಡ್ ಮಾಡಿದ್ಮೇಲೆ 1986ರಲ್ಲಿ ಅಲ್ಲೂ ಅಮೆರಿಕದಲ್ಲೂ ನಂಬರ್ ಒನ್. ಶುರುವಲ್ಲಿ ರಸ್ತೆ ಗಲಾಟೆ, ಯಾರದೋ ಹೆಜ್ಜೆ ಸದ್ದು, ಆಮೇಲೆ ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು, ಮೆಲ್ಲಗೆ ಹರಡ್ಕೊಂಡು ಬೇಸ್ ಬಂದು ಕೂರುತ್ತೆ, ಅದರ ಮೇಲೆ ನೀಲ್ ಅರ್ಧ ಮಾತಾಡ್ತಾ ಅರ್ಧ ಹಾಡ್ತಾ ಹೋಗ್ತಾರೆ, ಒಂದು ಕಡೇನೂ ದನಿ ಏರಿಸಿ ಕೂಗಲ್ಲ, ನಂಗೆ ಅದೇ ತುಂಬಾ ಇಷ್ಟ. ಕ್ರಿಸ್ ಅಂತೂ ಟೋಪಿ, ಕನ್ನಡಕ ಹಾಕ್ಕೊಂಡು ಕೀಬೋರ್ಡ್ ಹಿಂದೆ ಅಲ್ಲಾಡದೆ ನಿಂತಿರ್ತಾರೆ!

ಆದ್ರೆ ನನ್ನ ಪ್ರಕಾರ ಇವರ ಅತ್ಯುತ್ತಮ ಹಾಡು 1990ರ ಬೀಯಿಂಗ್ ಬೋರಿಂಗ್. ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಲ್ಲಿ ಬರೆದಿದ್ದು, ಅಷ್ಟು ದೊಡ್ಡ ನೋವು, ಆದ್ರೂ ಬೀಟ್ ನಿಲ್ಲಲ್ಲ. ದುಃಖ ಅಂದ್ರೆ ಹಾಡು ನಿಧಾನ ಆಗ್ಲೇಬೇಕು, ಪಿಟೀಲು ಅಳ್ಲೇಬೇಕು ಅಂತ ಯಾಕಂದ್ಕೋತೀವೋ ಗೊತ್ತಿಲ್ಲ, ಕಾಲು ತಾಳ ಹಾಕ್ತಿರೋವಾಗ್ಲೇ ಗಂಟಲು ಕಟ್ಟುತ್ತಲ್ಲ ಅದು ಇನ್ನೂ ಆಳಕ್ಕಿಳಿಯುತ್ತೆ. ಕೇಳದೇ ಇದ್ದೋರು ಇವತ್ತೇ ಕೇಳಿ, ಪೂರ್ತಿ ಕೇಳಿ, ಮಧ್ಯದಲ್ಲಿ ಸ್ಕಿಪ್ ಮಾಡ್ಬೇಡಿ.