ಕಾರು ಓಡೋದೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು?

ಕಾರವಾರದ ನೆಂಟರು, ಗೆಳೆಯರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ವರ್ಷಕ್ಕೆ 2,000 ಕಿಲೋಮೀಟರೂ ಓಡಿಲ್ಲ, ಆದ್ರೂ ಇಂಜಿನ್ ಆಯಿಲ್ ಬದಲಿಸಬೇಕಾ?"

ಬದಲಿಸಲೇಬೇಕು. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಆ ಒಂದು ವರ್ಷದ ಮಾತು ಸುಮ್ನೆ ಬರೆದದ್ದಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಇಂಜಿನ್ ಒಳಗೆ ಮೇಲೆ-ಕೆಳಗೆ ಓಡಾಡುವ ಪಿಸ್ಟನ್‌ನ ಸುತ್ತಲಿನ ರಿಂಗ್ ಸಂದಿಯಲ್ಲಿ ನುಸುಳಿ ಆಯಿಲ್‌ಗೆ ಸೇರುತ್ತದೆ. ಜೊತೆಗೆ ಪೂರ್ತಿ ಉರಿಯದ ಪೆಟ್ರೋಲ್ ಕೂಡ. ದೂರ ಓಡಿಸಿದರೆ ಆಯಿಲ್ 90-100 ಡಿಗ್ರಿ ಕಾದು ಆ ನೀರೆಲ್ಲ ಹಾರಿಹೋಗುತ್ತದೆ. ಊರೊಳಗೇ ಕೋಡಿಬಾಗದಿಂದ ಮೀನು ಮಾರ್ಕೆಟ್‌ಗೆ ಹೋಗಿ ಬಂದರೆ ಅಷ್ಟು ಕಾಯುವುದೇ ಇಲ್ಲ. ನೀರು ಒಳಗೇ ಉಳಿದು, ಸುಟ್ಟ ಅನಿಲದ ಜೊತೆ ಸೇರಿ ಆಮ್ಲವಾಗುತ್ತದೆ. ಅದನ್ನು ತಡೆಯಲು ಬೆರೆಸಿದ ರಾಸಾಯನಿಕಗಳು (ಅಡಿಟಿವ್) ಆಯಿಲ್‌ನಲ್ಲೇ ಇರುತ್ತವೆ, ಆದರೆ ಅವು ಖರ್ಚಾಗುತ್ತ ಬರುತ್ತವೆ. ದುಬಾರಿ ಸಿಂಥೆಟಿಕ್ ಆಯಿಲ್‌ನಲ್ಲೂ ಅಷ್ಟೇ.

ನಂಬಿಕೆ ಬರದಿದ್ದರೆ ಮಳೆಗಾಲದಲ್ಲಿ ಒಮ್ಮೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಬದಿ ನೋಡಿ. ಮಜ್ಜಿಗೆ ಕಡೆದಾಗ ತೇಲುವ ಬೆಣ್ಣೆಯಂಥ ಮಾಸಲು ಹಳದಿ ಲೋಳೆ ಅಂಟಿದ್ದರೆ, ಅದು ಸಾಮಾನ್ಯವಾಗಿ ಇದೇ ನೀರಿನದ್ದು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಆಯಿಲೇ ಹಾಲು ಬೆರೆತ ಹಾಗೆ ಕಂಡರೆ ಮಾತ್ರ ಕಥೆ ಬೇರೆ. ಕೂಲಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಆಯಿಲ್‌ಗೆ ಸೋರುತ್ತಿರಬಹುದು. ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನ್ನು ಕರೆಸಿ.

ಯಾವಾಗ ಬದಲಿಸುವುದು? ಮಳೆಗಾಲವಿಡೀ ಊರೊಳಗೇ ಓಡಿಸುವವರಿಗೆ ಅಕ್ಟೋಬರ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದುಬೈಗೋ ಹಡಗಿನ ಕೆಲಸಕ್ಕೋ ಹೊರಟು ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಹೊರಡುವ ಮೊದಲೇ ಬದಲಿಸಿ. ಹಳೇ ಆಯಿಲ್‌ನ ಆಮ್ಲದಲ್ಲಿ ಬೇರಿಂಗ್ ನೆನೆಯುತ್ತ ಕೂರುವುದು ಬೇಡ. ಫಿಲ್ಟರ್ ಕೂಡ ಜೊತೆಗೇ ಬದಲಾಗಲಿ.

ಇನ್ನೊಂದು ಮಾತು. ಮನೆಯಲ್ಲಿ ಹಿರಿಯರು ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಾರೆ ಅಲ್ವಾ? ಅದರಿಂದ ಆಯಿಲ್‌ಗೆ ಇನ್ನಷ್ಟು ನೀರು ಸೇರುತ್ತದೆ ಅಷ್ಟೇ, ದಯವಿಟ್ಟು ಬಿಡಿಸಿ. ಬದಲಿಗೆ ಹದಿನೈದು ದಿನಕ್ಕೊಮ್ಮೆ ಹೆದ್ದಾರಿ 66ರಲ್ಲಿ ಅಂಕೋಲಾಕ್ಕೆ ಹೋಗಿ ಬನ್ನಿ. ಆಯಿಲ್ ಚೆನ್ನಾಗಿ ಕಾಯುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ, ಬ್ರೇಕ್ ಡಿಸ್ಕ್ ಮೇಲೆ ಉಪ್ಪು ಗಾಳಿಗೆ ಹಿಡಿದ ತುಕ್ಕೂ ಉಜ್ಜಿ ಹೋಗುತ್ತದೆ.