ಹವ್ಯಾಸಕ್ಕೆ ಬರೆಯುವವರಿಗೆ ಇಷ್ಟೊಂದು ಒದ್ದಾಟ ಏಕೆ?

‘ಹೇಗೂ ಹವ್ಯಾಸಕ್ಕೆಂದು ಬರೆಯುತ್ತೀರಿ. ಮತ್ತೆ ಅದಕ್ಕಾಗಿ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಏಕೆ?’

ಸಾಗರದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಉಳಿದ ಹೊತ್ತಿನಲ್ಲಿ ಕತೆ ಬರೆಯುತ್ತೇನೆ. ಮೇಲಿನ ಪ್ರಶ್ನೆಯನ್ನು ಸಹೋದ್ಯೋಗಿಗಳು ಕೇಳಿದ್ದಾರೆ, ಮದುವೆಮನೆಯಲ್ಲಿ ನೆಂಟರು ಕೇಳಿದ್ದಾರೆ, ನನ್ನ ಮೇಲೆ ತುಂಬಾ ಅಕ್ಕರೆಯಿರುವ ಅತ್ತಿಗೆಯೂ ಕೇಳಿದ್ದಾರೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಪ್ರಶ್ನೆಗೆ ಒಂದು ಬಾಲ ಸೇರಿಕೊಂಡಿದೆ: ‘ನಿಮಗೂ ಒಂದು ದಿನ ಅಂಥದ್ದು ಬರಲಿ ಎಂದೇ?’

ಅಲ್ಲ. ಆದರೆ ಆ ಪ್ರಶಸ್ತಿಯಿಂದ ನನಗೆ ಆದ ಸಂತೋಷದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಆ ಪುಸ್ತಕದಲ್ಲಿರುವ ಹನ್ನೆರಡು ಕತೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ಬರೆದವರು ವೃತ್ತಿಯಿಂದ ವಕೀಲರು. ಕಕ್ಷಿದಾರರು, ಕೋರ್ಟು, ಮನೆ ಎಲ್ಲವನ್ನೂ ನಿಭಾಯಿಸಿಕೊಂಡು ಒಬ್ಬ ಹೆಂಗಸು ಇಷ್ಟು ದೀರ್ಘಕಾಲ ಕತೆಯನ್ನು ಕೈಬಿಡಲಿಲ್ಲ ಎಂಬುದೇ ನನಗೆ ದೊಡ್ಡ ಸುದ್ದಿ. ಅದನ್ನು ಯಾವ ಟೀವಿಯವರೂ ಸುದ್ದಿಯಾಗಿ ಓದಲಿಲ್ಲ.

ಕನ್ನಡದಲ್ಲಿ ಬರವಣಿಗೆಯನ್ನೇ ನೆಚ್ಚಿ ಸಂಸಾರ ನಡೆಸಿದವರು ಬಹಳ ಕಡಿಮೆ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದರು. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಗಳಲ್ಲಿ ದುಡಿದರು. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ಪಾಲಿಮರ್ ತಂತ್ರಜ್ಞರು. ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬೆಳಕು ಕಂಡದ್ದು 1963ರಲ್ಲಿ. ಆ ವಯಸ್ಸಿನವರೆಗೆ ಅವರು ಗೃಹಿಣಿಯಾಗಿದ್ದರು. ಆ ಹಿರಿಯರ ಸಾಲಿನಲ್ಲಿ ನನ್ನನ್ನು ಕೂರಿಸಿಕೊಳ್ಳುವ ಉದ್ದೇಶ ಸುತರಾಂ ಇಲ್ಲ. ಹೊಟ್ಟೆಪಾಡು ಬೇರೆಡೆ ಇಟ್ಟುಕೊಂಡು ಬರೆಯುವುದು ಕನ್ನಡದ ಮಟ್ಟಿಗೆ ವಿಚಿತ್ರವೇನಲ್ಲ ಎಂದಷ್ಟೇ ನನ್ನ ಮಾತು. ಇಲ್ಲಿಗೆ ಹತ್ತಿರದ ಹೆಗ್ಗೋಡನ್ನೇ ನೋಡಿ. 1949ರಲ್ಲಿ ಹುಟ್ಟಿದ ನೀನಾಸಮ್ ಶುರುವಾದದ್ದು ಊರಿನವರ ಹವ್ಯಾಸಿ ನಾಟಕ ತಂಡವಾಗಿ. ಹಗಲು ತೋಟದ ಕೆಲಸ ಮುಗಿಸಿ ಬಂದವರು ಸಂಜೆ ತಾಲೀಮಿಗೆ ನಿಂತಾಗ, ‘ದುಡ್ಡು ಬಾರದ ನಾಟಕಕ್ಕೆ ಇಷ್ಟು ತಾಲೀಮು ಏಕೆ’ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕತೆ ಬರೆಯುವವರ ತಾಲೀಮು ಮಾತ್ರ ಕೋಣೆಯೊಳಗೆ ನಡೆಯುವುದರಿಂದ ಅದು ವಿನಾಕಾರಣದ ಒದ್ದಾಟವಾಗಿ ಕಾಣುತ್ತದೆ.

ಈಗ ಆ ಒದ್ದಾಟದ ವಿಷಯಕ್ಕೆ ಬರುತ್ತೇನೆ.

ಅಡಿಕೆ ಸುಲಿಯುವ ದ್ಯಾವಮ್ಮ ಎಂಬ ಹೆಂಗಸಿನ ಬಗ್ಗೆ ಒಂದು ಕತೆ ಬರೆದೆ. ಅವಳ ಮಗಳು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಕೆಲಸಕ್ಕೆ ಹೋದವಳು, ಮನೆಗೆ ಫೋನು ಮಾಡುವುದನ್ನು ನಿಲ್ಲಿಸಿದ್ದಾಳೆ. ಸುಗ್ಗಿಯ ಒಂದು ರಾತ್ರಿ, ಜಗಲಿಯಲ್ಲಿ ಹತ್ತಾರು ಹೆಂಗಸರು ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಿರುವಾಗ ಮಗಳ ಫೋನು ಬರುತ್ತದೆ. ಮೊದಲ ಕರಡಿನಲ್ಲಿ ಆ ಜಾಗದಲ್ಲಿ ‘ದ್ಯಾವಮ್ಮನ ಎದೆಯಲ್ಲಿ ದುಃಖ ಮಡುಗಟ್ಟಿತ್ತು’ ಎಂಬ ವಾಕ್ಯವಿತ್ತು. ವ್ಯಾಕರಣಕ್ಕೆ ಏನೂ ಲೋಪವಿಲ್ಲ. ಆದರೆ ಅದನ್ನು ಓದಿದಾಗಲೆಲ್ಲ ನನಗೆ ದ್ಯಾವಮ್ಮ ಕಾಣುತ್ತಲೇ ಇರಲಿಲ್ಲ. ಯಾರ ಎದೆಯಲ್ಲಾದರೂ ಮಡುಗಟ್ಟಬಹುದಾದ ದುಃಖ ಅದು. ಆ ವಾಕ್ಯವನ್ನು ಹಾಗೆಯೇ ಬಿಟ್ಟು ಕತೆಯನ್ನು ಪತ್ರಿಕೆಗೆ ಕಳುಹಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನನಗೆ ಬಿಡಲಾಗಲಿಲ್ಲ.

ನಮ್ಮ ಪರಿಚಯದವರ ಮನೆಗೆ ಸುಲಿಯಲು ಬರುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಹೋಗಿ ಕುಳಿತೆ. ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತು ಅವರು ಸುಲಿಯುವುದನ್ನು ನೋಡುತ್ತಿದ್ದರೆ ಕೈಗೂ ಕಣ್ಣಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುವಷ್ಟು ವೇಗ. ಬೆರಳ ತುದಿಗಳು ಅಡಿಕೆಯ ಚೊಗರು ಹತ್ತಿ ಕಪ್ಪಾಗಿದ್ದವು. ‘ಅಮ್ಮಾ, ಸುಲಿಯುವಾಗ ಮನಸ್ಸಿಗೆ ಕಸಿವಿಸಿಯಾದರೆ ಏನು ಮಾಡುತ್ತೀರಿ?’ ಎಂದು ಕೇಳಿದೆ. ಅವರು ತಲೆ ಎತ್ತದೆಯೇ, ‘ಕಸಿವಿಸಿಯಾದಾಗಲೇ ಕತ್ತಿಯ ಮೇಲೆ ಕಣ್ಣಿಡಬೇಕು, ತಂಗಿ. ಇಲ್ಲದಿದ್ದರೆ ಬೆರಳು ಹೋಗುತ್ತದೆ’ ಎಂದರು.

ಅಂದು ರಾತ್ರಿ ಆ ಜಾಗದಲ್ಲಿ ಹೀಗೆ ಬರೆದೆ: ‘ಮಗಳ ಫೋನು ಬಂದಿದೆ ಎಂದು ಒಳಗಿನಿಂದ ಯಾರೋ ಕೂಗಿದರು. ದ್ಯಾವಮ್ಮ ಏಳಲಿಲ್ಲ. ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಬುಟ್ಟಿಗೆ ಹಾಕಿದಳು. ಇನ್ನೊಂದನ್ನು ತೆಗೆದುಕೊಂಡಳು.’

ನಾಲ್ಕು ಪುಟ್ಟ ವಾಕ್ಯಗಳು. ಅವು ಸಿಕ್ಕಿದ ಹೊತ್ತಿನಲ್ಲಿ ಆದ ಹಿಗ್ಗನ್ನು ಸಂಬಳವಾಗಲೀ ಬಡ್ತಿಯಾಗಲೀ ನನಗೆ ಕೊಟ್ಟಿಲ್ಲ. ಅತ್ತಿಗೆಯ ಪ್ರಶ್ನೆಗೆ ನನ್ನ ಉತ್ತರವಿರುವುದೂ ಅಲ್ಲಿಯೇ. ಸಂಘದಲ್ಲಿ ನಾನು ಬರೆಯುವ ಮಾರಾಟದ ಲೆಕ್ಕದ ಪಟ್ಟಿಗಾಗಿ ಬೆಳೆಗಾರರು ಕಾಯುತ್ತಾರೆ. ಅದು ಅಂದೇ ಮುಗಿಯಬೇಕು, ತಡಮಾಡುವ ಹಕ್ಕು ನನಗಿಲ್ಲ. ನನ್ನ ಕತೆಗಾಗಿ ಈ ಲೋಕದಲ್ಲಿ ಒಬ್ಬರೂ ಕಾಯುತ್ತಿಲ್ಲ. ಯಾರೂ ಕಾಯುತ್ತಿಲ್ಲವೆಂದ ಮೇಲೆ ಅರೆಮನಸ್ಸಿನ ವಾಕ್ಯವೊಂದನ್ನು ಬರೆದು ಕೈತೊಳೆದುಕೊಳ್ಳಲು ನನಗೆ ಯಾವ ಕಾರಣವೂ ಉಳಿಯುವುದಿಲ್ಲ. ಹವ್ಯಾಸವಾದದ್ದರಿಂದಲೇ ಇಷ್ಟು ತಲೆ ಕೆಡಿಸಿಕೊಳ್ಳಲು ಸಾಧ್ಯವಾಗುತ್ತದೆ.

ಆದರೆ ಕಾಯುವವರಿಲ್ಲ ಎಂಬ ಆ ಮಾತೇ ಈ ಹವ್ಯಾಸದ ಅತಿ ದೊಡ್ಡ ಕಷ್ಟವೂ ಹೌದು. ಇದನ್ನು ಮರೆಮಾಚಿ, ಬರವಣಿಗೆಯೆಂದರೆ ಬರೀ ಆನಂದ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ಕತೆಯನ್ನು ಪತ್ರಿಕೆಗೆ ಕಳುಹಿಸಿದ ಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಅಂಚೆಯಲ್ಲಿ ಕಳುಹಿಸುತ್ತಿದ್ದ ಕಾಲದಲ್ಲಿ, ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿ ಜೊತೆಗಿಟ್ಟ ಲಕೋಟೆಯಾದರೂ ಹಿಂದಿರುಗುತ್ತಿತ್ತು, ಬೇಡವೆಂದದ್ದು ಖಚಿತವಾಗುತ್ತಿತ್ತು. ಇಮೇಲ್ ಬಂದ ಮೇಲೆ ಅನೇಕ ಕಡೆ ಆ ಒಂದು ಸಾಲಿನ ವಿಷಾದವೂ ಇಲ್ಲ. ಸಂಪಾದಕೀಯ ವಿಭಾಗದಲ್ಲಿ ಎಷ್ಟು ಜನ ಉಳಿದಿದ್ದಾರೆ, ಅವರ ಮುಂದೆ ಎಷ್ಟು ಕತೆಗಳ ರಾಶಿ ಬಿದ್ದಿರುತ್ತದೆ ಎಂಬುದನ್ನು ಬಲ್ಲೆ. ಆದರೂ ‘ಪ್ರಕಟಿಸಲಾಗುತ್ತಿಲ್ಲ’ ಎಂಬ ಒಂದೇ ಪದವನ್ನಾದರೂ ಬರೆಯಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಕಳುಹಿಸಿದವರು ಅದೇ ಕತೆಯನ್ನು ಬೇರೆಯವರಿಗೆ ಕೊಡಲೂ ಆಗದೆ, ಮರೆಯಲೂ ಆಗದೆ ಕುಳಿತಿರುತ್ತಾರೆ.

ಅಚ್ಚಾದ ಮೇಲಿನ ಮೌನ ಇನ್ನೊಂದು ಬಗೆಯದು. ಪುರವಣಿಯಲ್ಲಿ ಕತೆ ಬಂದ ಭಾನುವಾರ ವಾಟ್ಸ್‌ಆ್ಯಪ್‌ನಲ್ಲಿ ಅಭಿನಂದನೆಗಳು ಬರುತ್ತವೆ. ಹೆಚ್ಚಿನವರು ಅಭಿನಂದಿಸುವುದು ಪುಟದ ಫೋಟೊವನ್ನು ನೋಡಿ. ಓದಿದವರು ಯಾರೆಂಬುದು ಅವರ ಮಾತಿನ ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ದ್ಯಾವಮ್ಮನ ಕತೆ ಬಂದಾಗ ಭದ್ರಾವತಿಯ ಕಡೆಯ ಅಪರಿಚಿತರೊಬ್ಬರು ಫೋನು ಮಾಡಿ, ‘ಆಮೇಲೆ ಅವಳು ಮಗಳಿಗೆ ವಾಪಸು ಫೋನು ಮಾಡಿದಳೇ, ಮೇಡಂ?’ ಎಂದು ಕೇಳಿದರು. ಹೊಗಳಲಿಲ್ಲ, ತೆಗಳಲಿಲ್ಲ, ಇದೊಂದು ವಿಷಯ ಅವರಿಗೆ ಬೇಕಾಗಿತ್ತು. ನನಗೂ ತಿಳಿಯದು ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಅವಳ ಬಗ್ಗೆಯೇ ಮಾತನಾಡಿದೆವು.

ಹಣದ ವಿಚಾರ ಬೇಗ ಮುಗಿಯುತ್ತದೆ. ಪತ್ರಿಕೆಯ ಗೌರವಧನದಿಂದ ಪುಸ್ತಕಗಳ ಖರ್ಚು ಕೂಡ ಪೂರ್ತಿ ಹುಟ್ಟುವುದಿಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲಿ ಬಹುಮಾನ ಬಂದರೆ ಕೈಗೆ ಒಂದಿಷ್ಟು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಹೆಸರು ನಾಲ್ಕು ಜನರಿಗೆ ಪರಿಚಯವಾಗುತ್ತದೆ.

ಹಣಕ್ಕಿಂತ ದುಬಾರಿಯಾದದ್ದು ಹೊತ್ತು, ಮತ್ತು ಅದನ್ನು ತೆರುವವಳು ನಾನೊಬ್ಬಳೇ ಅಲ್ಲ. ರಜೆಯ ದಿನ ಬಾಗಿಲು ಹಾಕಿಕೊಂಡು ಕುಳಿತರೆ ಆ ಹೊತ್ತು ಮನೆಯವರಿಗೆ ಸಲ್ಲಬೇಕಾದದ್ದು. ಮಗನ ಶಾಲೆಯ ಸುದ್ದಿಯನ್ನು ಅರ್ಧ ಕಿವಿಯಲ್ಲಿ ಕೇಳುತ್ತಾ ಇನ್ನರ್ಧದಲ್ಲಿ ಪಾತ್ರದ ಮಾತು ಕೇಳುವ ಸ್ಥಿತಿ ಬರೆಯುವವರಿಗೆಲ್ಲ ಗೊತ್ತು. ಹಾಗೆಯೇ, ಬಂಧುಗಳು ಕತೆಯಲ್ಲಿ ತಮ್ಮನ್ನು ಹುಡುಕುತ್ತಾರೆ, ಇಲ್ಲದಿದ್ದರೂ ಕಂಡುಕೊಳ್ಳುತ್ತಾರೆ. ಇಲ್ಲಿ ನನ್ನ ನಿಲುವು ಖಡಾಖಂಡಿತ: ನಂಬಿ ಹೇಳಿದ ಗುಟ್ಟು ಎಷ್ಟೇ ಒಳ್ಳೆಯ ಕತೆಯಾಗುವಂತಿದ್ದರೂ ಅದನ್ನು ಮುಟ್ಟಬಾರದು.

ನಷ್ಟವನ್ನೆಲ್ಲ ಹೇಳಿದ ಮೇಲೆ ಲಾಭದ ಇನ್ನೊಂದು ಮಾತು ಉಳಿದಿದೆ. ಕತೆ ಬರೆಯತೊಡಗಿದ ಮೇಲೆ ನಾನು ಕೆಲಸ ಮಾಡುವ ಜಾಗವೇ ನನಗೆ ಬೇರೆಯಾಗಿ ಕಾಣತೊಡಗಿತು. ರಾಶಿ, ಬೆಟ್ಟೆ, ಚಾಲಿ, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಯ ದರ ಬರೆಯುವಾಗ ಮೊದಲು ಅಂಕಿಗಳಷ್ಟೇ ಇದ್ದವು. ಈಗ ಟೆಂಡರ್ ದರ ಕೇಳಿ ಒಬ್ಬರು ಚೀಲದ ಬಾಯಿಯನ್ನು ಮತ್ತೆ ಕಟ್ಟುವ ರೀತಿ, ಇನ್ನೊಬ್ಬರು ಪಟ್ಟಿಯನ್ನು ಓದದೆಯೇ ಮಡಚಿ ಜೇಬಿಗಿಡುವ ರೀತಿ ಕಣ್ಣಿಗೆ ಬೀಳುತ್ತದೆ. ಅವೆಲ್ಲ ಕತೆಯಾಗಬೇಕೆಂದೇನಿಲ್ಲ. ನೋಡಲು ಕಲಿತೆನಲ್ಲ, ಅದು ನನಗೆ ದಕ್ಕಿದ್ದು.

‘ಹಾಗಿದ್ದರೆ ನಾನೂ ಬರೆಯಲೇ?’ ಎಂದು ಕೇಳುವವರೂ ಇದ್ದಾರೆ. ಅವರಿಗೆ ಖಂಡಿತ ಬರೆಯಿರಿ ಎನ್ನುತ್ತೇನೆ. ಕೈಯಿಂದ ಹಣ ಹಾಕಿ ಪುಸ್ತಕ ಮಾಡಿಸಲು ಮಾತ್ರ ಅವಸರಪಡಬೇಡಿ. ಮಾರಾಟವಾಗದ ಪ್ರತಿಗಳ ಕಟ್ಟುಗಳು ಅಟ್ಟದ ಮೇಲಿದ್ದು ಕಣ್ಣಿಗೆ ಬೀಳುತ್ತಿದ್ದರೆ ಎರಡನೆಯ ಕತೆ ಬರೆಯುವ ಉಮೇದೇ ಉಡುಗುತ್ತದೆ. ಕತೆಗಳನ್ನು ಮೊದಲು ಪತ್ರಿಕೆಗಳಿಗೆ ಕಳುಹಿಸಿ. ಹೊಸ ಕತೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸುವ ಛಂದ ಪುಸ್ತಕದಂಥ ಪ್ರಕಾಶನಗಳಿವೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದನ್ನು ನುಡಿ ತಂತ್ರಾಂಶಕ್ಕೆ ಪರಿವರ್ತಿಸಿ ಕಳುಹಿಸುವುದಾದರೆ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಒಂದೊಂದಾಗಿ ನೋಡಿ, ಅಲ್ಲಲ್ಲಿ ಕೆಟ್ಟಿರುತ್ತವೆ. ಕಳುಹಿಸುವ ಮುನ್ನ ಕತೆಯನ್ನು ಮನೆಯವರಲ್ಲದ ಒಬ್ಬರ ಎದುರು ಗಟ್ಟಿಯಾಗಿ ಓದಿ. ಅವರು ಎಲ್ಲಿ ಗಡಿಯಾರ ನೋಡಿದರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಹಾಗೆ ಓದಿ ಕೇಳಿಸಲು ಯಾರೂ ಸಿಗದಿದ್ದರೆ ನನಗೆ ಕಳುಹಿಸಿ. ಓದಿ, ಅನ್ನಿಸಿದ್ದನ್ನು ಬರೆಯುತ್ತೇನೆ. ಅಡಿಕೆ ಸುಗ್ಗಿಯಲ್ಲಿ ಸಂಘದ ಕೆಲಸ ಹೆಚ್ಚು, ಆಗ ತಡವಾಗಬಹುದು. ಆದರೆ ಉತ್ತರ ಬಂದೇ ಬರುತ್ತದೆ.