ಸೆಲ್ಮಾಗೆ ಹೋಗುವವರಿಗೆ: ಬುತ್ತಿಯ ಜೊತೆ ಒಂದು ಪ್ರಶ್ನೆಪತ್ರಿಕೆಯೂ ಇರಲಿ

ಸೆಲ್ಮಾ ಅಮೆರಿಕದ ಅಲಬಾಮಾ ರಾಜ್ಯದ ಊರು; 1965ರಲ್ಲಿ ಕಪ್ಪು ಜನ ಮತದಾನದ ಹಕ್ಕಿಗಾಗಿ ಹೋರಾಡಿದ ಜಾಗ. ಅಟ್ಲಾಂಟಾದಿಂದ ಮಾಂಟ್ಗೊಮರಿಗೆ ಕಾರಿನಲ್ಲಿ ಎರಡೂವರೆ ತಾಸು, ಅಲ್ಲಿಂದ ಸೆಲ್ಮಾಗೆ ಇನ್ನೊಂದು ತಾಸು. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಈ ಲೆಕ್ಕ ಮರೆತು ನಾವು ಬೀಗ ಹಾಕಿದ ಬಾಗಿಲ ಮುಂದೆ ಕಾದು ಕುಳಿತೆವು. 2023ರ ಸುಂಟರಗಾಳಿಯ ಪೆಟ್ಟು ಊರಿನಲ್ಲಿ ಇನ್ನೂ ಕಾಣುತ್ತದೆ, ಹೋಟೆಲುಗಳು ಕಡಿಮೆ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೊರಡಿ.

ಎಲ್ಲರೂ ನೇರವಾಗಿ ಆ ಹೋರಾಟದ ಹೆಸರಾಂತ ಸೇತುವೆಗೆ ಓಡುತ್ತಾರೆ. ನೀವು ಮೊದಲು ಅದರ ಹತ್ತಿರವೇ ಇರುವ ಡಲ್ಲಾಸ್ ಕೌಂಟಿ (ಸೆಲ್ಮಾ ಇರುವ ಜಿಲ್ಲೆ) ನ್ಯಾಯಾಲಯದ ಮುಂದೆ ನಿಲ್ಲಿ. 1965ರ ಆರಂಭದಲ್ಲಿ ಮತದಾರರ ನೋಂದಣಿಗೆ ಇಲ್ಲಿ ಬಾಗಿಲು ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಅರ್ಹರಾದ ಸುಮಾರು 15,000 ಕಪ್ಪು ಜನರಲ್ಲಿ ಪಟ್ಟಿ ಸೇರಿದ್ದವರು ಮುನ್ನೂರು ಚಿಲ್ಲರೆ. ಸಾಲಿನಲ್ಲಿ ನಿಂತು ಒಳಗೆ ಹೋದವರಿಗೆ ‘ಸಾಕ್ಷರತಾ ಪರೀಕ್ಷೆ’. ಪಾಸೋ ಫೇಲೋ ಎಂಬುದು ಬಿಳಿಯ ಅಧಿಕಾರಿಯ ಮರ್ಜಿ.

ಇಂಥದ್ದೇ ಪರೀಕ್ಷೆ ದಕ್ಷಿಣದ ಲೂಸಿಯಾನ ರಾಜ್ಯದಲ್ಲೂ ಇತ್ತು; ಹೊರಡುವ ಮುನ್ನ ಅದರ 1964ರ ಪ್ರತಿಯೊಂದನ್ನು ಮುದ್ರಿಸಿಕೊಳ್ಳಿ. ಮೂವತ್ತು ಪ್ರಶ್ನೆ, ಹತ್ತು ನಿಮಿಷ, ಒಂದು ತಪ್ಪಿದರೂ ಫೇಲು. ಐದನೆಯ ತರಗತಿ ಓದಿದ್ದಕ್ಕೆ ದಾಖಲೆ ತೋರಿಸಲಾಗದವರಿಗೆಂದು ಮಾಡಿದ್ದು! ಎಂಜಿನಿಯರಿಂಗ್ ಮುಗಿಸಿದ ಮಗಳಿಗೆ ಕೊಟ್ಟೆ. ‘ಈ ವಾಕ್ಯದ ಸಂಖ್ಯೆಯ ಅಥವಾ ಅಕ್ಷರದ ಸುತ್ತ ಗೆರೆ ಎಳೆಯಿರಿ’ ಎಂಬ ಮೊದಲ ಪ್ರಶ್ನೆಗೇ ಪೆನ್ನು ನಿಂತಿತು. “ಅಪ್ಪಾ, ಯಾವ ಅಕ್ಷರ?” ಹತ್ತು ನಿಮಿಷ ಕಳೆದಾಗ ಅವಳು ಹದಿನೇಳನೆಯದರಲ್ಲಿದ್ದಳು. ಹೆಬ್ಬೆಟ್ಟು ಒತ್ತಿ, ಗುರುತಿನ ಚಿತ್ರ ನೋಡಿ ಮುದ್ರೆ ಹಾಕುತ್ತಿದ್ದ ನನ್ನ ಅಜ್ಜಿ ಆಗ ನೆನಪಾದಳು.

ಎಡ್ಮಂಡ್ ಪೆಟಸ್ ಸೇತುವೆಯನ್ನು ನಡೆದೇ ದಾಟಿ. ನಡುವೆ ಉಬ್ಬಿದ ಸೇತುವೆ ಅದು. ಏರು ಮುಗಿಯುವವರೆಗೆ ಆಚೆ ದಡ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ರಾಜಧಾನಿ ಮಾಂಟ್ಗೊಮರಿಗೆ ನಡೆದು ಹೊರಟಿದ್ದ ಸುಮಾರು ಆರುನೂರು ಜನ ಆ ನೆತ್ತಿಗೆ ಬಂದಾಗಲೇ ಕೆಳಗೆ ಲಾಠಿ ಹಿಡಿದ ಪೊಲೀಸರು ಕಂಡದ್ದು. ಮೆರವಣಿಗೆಯ ಮುಂದಿದ್ದ ಯುವ ನಾಯಕ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟದ್ದು ಅಲ್ಲಿಯೇ. ಪೆಟಸ್ ಎಂಬಾತ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಸೇನಾಪತಿ; ಹೆಸರು ಇಂದಿಗೂ ಕಮಾನಿನ ಮೇಲಿದೆ.

ಹಿಂದಿರುಗುವಾಗ 80ನೇ ಹೆದ್ದಾರಿಯಲ್ಲಿ ಲೌಂಡ್ಸ್ ಮಾಹಿತಿ ಕೇಂದ್ರವನ್ನು ಬಿಡಬೇಡಿ. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿ. ಅಲಬಾಮಾದಲ್ಲಿ ಆಗ ಹೊಸದಾಗಿ ಹೆಸರು ಬರೆಸುವವರ ಪರವಾಗಿ ಈಗಾಗಲೇ ಮತದಾರನಾಗಿರುವವನು ಜಾಮೀನು ನಿಲ್ಲಬೇಕಿತ್ತು. 1965 ಶುರುವಾದಾಗ ಲೌಂಡ್ಸ್ ಕೌಂಟಿಯ ಪಟ್ಟಿಯಲ್ಲಿ ಒಬ್ಬ ಕಪ್ಪು ಮತದಾರನೂ ಇರಲಿಲ್ಲ. ಇನ್ನು ಜಾಮೀನು ನಿಲ್ಲುವವರು ಯಾರು? ಆ ವರ್ಷ ಆಗಸ್ಟ್ 6ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆಯೇ ಈ ಗಂಟು ಬಿಚ್ಚಿತು. ಹೊಸದಾಗಿ ಹೆಸರು ಬರೆಸಿದವರನ್ನು ಜಮೀನಿನ ಒಡೆಯರು ಮನೆ ಬಿಡಿಸಿದರು, ಅವರು ಡೇರೆಗಳಲ್ಲಿ ಬದುಕಿದರು. ಆ ಡೇರೆಗಳಿದ್ದ ಜಾಗದಲ್ಲಿಯೇ ಕೇಂದ್ರ ನಿಂತಿದೆ. ಕನಿಷ್ಠ ಒಂದೂವರೆ ತಾಸು ಬೇಕು.

ಬರುವಾಗ ಗಳಿಸಿದ್ದ ಒಂದು ಗಂಟೆಯನ್ನು ಅಟ್ಲಾಂಟಾದ ದಾರಿಯಲ್ಲಿ ವಾಪಸು ಕೊಡಬೇಕು. ರಾತ್ರಿಯೂಟಕ್ಕೂ ನಾಲ್ಕು ಚಪಾತಿ ಉಳಿಸಿಕೊಳ್ಳಿ.